ಕಾಫಿ ಲೋಟದ ಮೇಲೆ ಹೊರಿಸಿದ ದೂರು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬರತೊಡಗಿದಾಗ ರಾಜ್ಯವೇ ಬೆಚ್ಚಿತು. ಸತ್ತವರಲ್ಲಿ ಹಲವರು ನಲವತ್ತೈದು ದಾಟದವರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ಬೆಳೆಯಿತು. ಯಾವ ತೊಂದರೆಯೂ ಇಲ್ಲದವರು ಇಸಿಜಿ ಮಾಡಿಸಿಕೊಳ್ಳಲು ಬಂದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, ಜುಲೈಯಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ; ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ; ಉಳಿದವರಲ್ಲಿ ಕಂಡದ್ದು ಧೂಮಪಾನ, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂಬ ಹಳೆಯ ಪಟ್ಟಿಯೇ. ಸತ್ತವರಲ್ಲಿ ಆಟೊ ಮತ್ತು ಕ್ಯಾಬ್ ಚಾಲಕರ ಪಾಲು ಎದ್ದು ಕಾಣುವಷ್ಟಿತ್ತು. ವರದಿ ಅಂಕಿಗಳಲ್ಲಿ ಮಾತಾಡಿತು. ಹೆದರಿದ ಮನೆ ಹಾಗೆ ಮಾತಾಡುವುದಿಲ್ಲ. ಅದಕ್ಕೆ ಇವತ್ತೇ, ಈಗಲೇ ಬಿಡಬಹುದಾದ ಒಂದು ವಸ್ತು ಬೇಕು. ಸಾಲ ಬಿಡಲಾಗದು, ರಾತ್ರಿಯ ಬಾಡಿಗೆ ಬಿಡಲಾಗದು, ಬೀಡಿ ಬಿಡಲು ಮನಸ್ಸಿಲ್ಲ. ಹಾಗಾಗಿ ಹೆಂಡತಿಯೋ ಮಗಳೋ ಮೊದಲು ಕಿತ್ತುಕೊಳ್ಳುವುದು ಕಾಫಿ ಲೋಟವನ್ನು. ‘ಕಾಫಿ ಎದೆಗೆ ಕೆಟ್ಟದ್ದು’ ಎಂಬ ಮಾತು ನಮ್ಮಲ್ಲಿ ಹೊಸದೇನೂ ಅಲ್ಲ. ಇಂಥ ಭಯದ ಹೊತ್ತಿನಲ್ಲಿ ಅದಕ್ಕೆ ಮತ್ತೆ ಜೀವ ಬರುತ್ತದೆ, ಅಷ್ಟೆ.

ಈ ಮಾತನ್ನು ತಳ್ಳಿಹಾಕುವ ಮೊದಲು ಅದರ ಪೂರ್ತಿ ಬಲವನ್ನು ಒಪ್ಪಿಕೊಂಡೇ ಕೇಳಬೇಕು. ಅದರೊಳಗೆ ಮೂರು ಬೇರೆ ಬೇರೆ ದನಿಗಳಿವೆ. ಮೊದಲನೆಯದು ಮನೆವೈದ್ಯದ್ದು: ಕಾಫಿ ಉಷ್ಣ, ಪಿತ್ತ ಕೆರಳಿಸುತ್ತದೆ, ಬರಿಹೊಟ್ಟೆಯಲ್ಲಿ ಕುಡಿದರೆ ಎದೆ ಉರಿಯುತ್ತದೆ. ಎರಡನೆಯದು ನೀತಿಯದು. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಡದ ವಸ್ತುಗಳೆಂದರು. ಗೊರೂರು ರಾಮಸ್ವಾಮಿ ಅಯ್ಯಂಗಾರರಂಥ ಗಾಂಧಿವಾದಿಯನ್ನು ಕೊಟ್ಟ ಸೀಮೆಯಲ್ಲಿ ಈ ದನಿಗೆ ಒಂದು ತೂಕವಿದೆ: ರಾಗಿ ಅಂಬಲಿ, ಮಜ್ಜಿಗೆ ಕುಡಿದು ಗೇಯುತ್ತಿದ್ದವರಿಗೆ ಪೇಟೆಯ ಚಟ ಅಂಟಿತು, ಕಾಸೂ ಹೋಯಿತು, ಮೈಯೂ ಹೋಯಿತು ಎಂಬ ದೂರು ಅದು. ಮೂರನೆಯದು ಆಸ್ಪತ್ರೆಯಿಂದ ಬಂದದ್ದು: ಕಾಫಿಯಲ್ಲಿ ಕೆಫೀನ್ ಇದೆ, ಅದು ಬಿಪಿ ಏರಿಸುತ್ತದೆ, ಎದೆಬಡಿತ ಹೆಚ್ಚಿಸುತ್ತದೆ, ಆದ್ದರಿಂದ ಹೃದಯಕ್ಕೆ ಅಪಾಯ. ಮೂರರಲ್ಲೂ ಸತ್ಯದ ಅಂಶವಿದೆ. ತೊಂದರೆ ಇರುವುದು ಅವು ಒಂದರ ಸಾಕ್ಷಿಯನ್ನು ಇನ್ನೊಂದು ಬಳಸಿಕೊಳ್ಳುವ ರೀತಿಯಲ್ಲಿ. ಎದೆಯುರಿ ಜಠರದ ಆಮ್ಲದ ಸಂಗತಿ. ಅದನ್ನು ಹೃದಯದ ಲೆಕ್ಕಕ್ಕೆ ಬರೆಯುತ್ತೇವೆ. ಚಟವೆಂಬುದು ಸ್ವಾತಂತ್ರ್ಯದ ಪ್ರಶ್ನೆ. ಅದನ್ನು ರೋಗದ ಲೆಕ್ಕಕ್ಕೆ ಬರೆಯುತ್ತೇವೆ. ಗಾಂಧೀಜಿಯ ವಾದ ಸರಿಯಿದ್ದರೂ, ಅಂದರೆ ಕಾಫಿ ಅನಗತ್ಯವಾಗಿದ್ದರೂ, ಅದರಿಂದ ಹೃದಯಾಘಾತ ಆಗುತ್ತದೆಂದು ಸಾಬೀತಾಗುವುದಿಲ್ಲ. ಅನಗತ್ಯ ಬೇರೆ, ಅಪಾಯ ಬೇರೆ. ಹಾಗಾಗಿ ಎದೆಯ ಪ್ರಶ್ನೆಗೆ ನಿಜವಾಗಿ ಸಂಬಂಧಪಟ್ಟ ವಾದ ಮೂರನೆಯದೊಂದೇ. ಅದನ್ನೇ ನೋಡೋಣ.

ಕೆಫೀನ್ ಬಿಪಿ ಏರಿಸುತ್ತದೆಯೇ? ಹೌದು. ರಕ್ತದೊತ್ತಡ ಇರುವವರಿಗೆ ಎರಡು ಮೂರು ಕಪ್ ಕಾಫಿಗೆ ಸಮನಾದ ಕೆಫೀನ್ ಒಮ್ಮೆಗೇ ಕೊಟ್ಟು ಅಳೆದಾಗ ಮೇಲಿನ ಅಂಕಿ ಎಂಟರಷ್ಟು, ಕೆಳಗಿನದು ಆರರಷ್ಟು ಏರಿ, ಒಂದರಿಂದ ಮೂರು ಗಂಟೆ ಹಾಗೇ ನಿಲ್ಲುತ್ತದೆ. ಸಂತೆಗೆ ಬಂದವರು ಹೋಟೆಲಿನಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿಕೊಂಡರೆ ಸಿಗುವುದು ಅವರ ಬಿಪಿಯ ಜೊತೆಗೆ ಕಾಫಿಯ ಬಿಪಿ. ಅದಕ್ಕೇ ಅಳೆಯುವ ಮೊದಲು ಅರ್ಧ ಗಂಟೆ ಕಾಫಿ ಬೇಡವೆನ್ನುತ್ತಾರೆ. ಆದರೆ ಇಲ್ಲಿಂದ ‘ಆದ್ದರಿಂದ ಕಾಫಿ ಕುಡಿಯುವವರಿಗೆ ಬಿಪಿ ಕಾಯಿಲೆ ಬರುತ್ತದೆ’ ಎನ್ನುವಲ್ಲಿಗೆ ಹಾರುವುದಕ್ಕೆ ದಾರಿ ಇಲ್ಲ. ಮೆಟ್ಟಿಲು ಹತ್ತಿದರೂ, ಜಗಳವಾಡಿದರೂ, ಹೊರೆ ಹೊತ್ತರೂ ಬಿಪಿ ಏರಿ ಇಳಿಯುತ್ತದೆ. ಕೇಳಬೇಕಾದ್ದು ದಿನವೂ ಕುಡಿಯುವವರಲ್ಲಿ ವರ್ಷಗಳ ಮೇಲೆ ಏನಾಗುತ್ತದೆಂಬುದನ್ನು. ಅಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಕೆಲವು ದಿನಗಳಲ್ಲೇ ಆ ಏರಿಕೆ ಬಹುಮಟ್ಟಿಗೆ ಕುಗ್ಗುತ್ತದೆ. ದೀರ್ಘಕಾಲದ ಅಧ್ಯಯನಗಳಲ್ಲಿ ದಿನದ ಕಾಫಿಗೂ ಹೃದಯರೋಗಕ್ಕೂ ಆ ನೇರ ನಂಟು ಸಿಕ್ಕಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಬಿಡುವಂತಿಲ್ಲ. ಜಪಾನಿನಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 19 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಪಿ 160/100 ದಾಟಿದವರ ಪೈಕಿ ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಕಾಫಿ ಕುಡಿದವರಲ್ಲಿ ಹೃದಯ-ರಕ್ತನಾಳದ ಕಾಯಿಲೆಯ ಸಾವು ಸುಮಾರು ಎರಡು ಪಟ್ಟು ಕಂಡಿತು. ಬಿಪಿ ಅಷ್ಟು ಏರಿರುವವರಿಗೆ ಈ ಮಾತು ಸಲ್ಲುತ್ತದೆ. ಅದನ್ನು ಎಲ್ಲರ ಮೇಲೂ ಹೇರುವುದು ತಪ್ಪು, ಅವರಿಂದ ಮುಚ್ಚಿಡುವುದೂ ತಪ್ಪು.

ಹಾಗಾದರೆ ಕಾಫಿಗೆ ಈ ಕೆಟ್ಟ ಹೆಸರು ಬಂದದ್ದು ಎಲ್ಲಿಂದ? ಉತ್ತರದ ದೊಡ್ಡ ಭಾಗ ಸಿಗರೇಟು. 2012ರಲ್ಲಿ ಅಮೆರಿಕದ ಸುಮಾರು ನಾಲ್ಕು ಲಕ್ಷ ಜನರ, 50ರಿಂದ 71 ವಯಸ್ಸಿನವರ, ಮಾಹಿತಿ ಹಿಡಿದು ಒಂದು ಅಧ್ಯಯನ ಬಂತು. ವಯಸ್ಸನ್ನು ಮಾತ್ರ ಗಣನೆಗೆ ತೆಗೆದುಕೊಂಡು ಮೊದಲ ಸಲ ಲೆಕ್ಕ ಹಾಕಿದಾಗ ಕಾಫಿ ಕುಡಿಯುವವರೇ ಹೆಚ್ಚು ಸತ್ತಿದ್ದರು. ಆಮೇಲೆ ಯಾರು ಸಿಗರೇಟು ಸೇದುತ್ತಿದ್ದರೆಂಬುದನ್ನು ಲೆಕ್ಕಕ್ಕೆ ತಂದರು. ಫಲಿತಾಂಶ ಪೂರ್ತಿ ತಿರುಗಿತು, ಕಾಫಿ ಕುಡಿಯುವವರಲ್ಲಿ ಸಾವು ಶೇ 10ರಿಂದ 15ರಷ್ಟು ಕಡಿಮೆ ಕಂಡಿತು. ಅಂಕಿಗಳು ಅವೇ, ಜನ ಅವರೇ. ಕೇಳಿದ ಪ್ರಶ್ನೆ ಬದಲಾಯಿತು. ಕಾಫಿ ಮತ್ತು ಸಿಗರೇಟು ಒಂದೇ ಕೈಯಲ್ಲಿ ಇರುತ್ತವೆ ಎಂಬುದು ನಮ್ಮ ಹೋಟೆಲುಗಳ ಮುಂದೆ ನಿಂತವರಿಗೆಲ್ಲ ಗೊತ್ತು: ‘ಬೈಟು ಕಾಫಿ, ಒಂದು ಸಿಗರೇಟು’. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕೊಂಡಿಯೂ ಇದೆ. ಸಿಗರೇಟು ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಅದರ ಪ್ರಭಾವ ಅವರಲ್ಲಿ ಅರ್ಧ ಹೊತ್ತೇ ಉಳಿಯುತ್ತದೆ. ಹಾಗಾಗಿ ಅವರು ಹೆಚ್ಚು ಕುಡಿಯುತ್ತಾರೆ. ಹೆಚ್ಚು ಕಾಫಿ ಕುಡಿಯುವವನ ಎದೆ ಕೆಟ್ಟಿದ್ದರೆ ಅಲ್ಲಿ ಕಾಫಿ ಸಾಕ್ಷಿಯೇ ಹೊರತು ಅಪರಾಧಿಯಾಗಿರಬೇಕೆಂದಿಲ್ಲ.

ಚಾಲಕರ ಸಂಗತಿಯನ್ನು ಇದೇ ಬೆಳಕಿನಲ್ಲಿ ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ಈ ದಾರಿಯಲ್ಲಿ ರಾತ್ರಿಯೆಲ್ಲ ಗಾಡಿ ಓಡಿಸುವವನು ಕಾಫಿಯ ಮೇಲೆ ಕಾಫಿ ಕುಡಿಯುತ್ತಾನೆ. ಅವನಿಗೆ ನಲವತ್ತರಲ್ಲಿ ಎದೆ ಹಿಡಿದರೆ ಕಾಫಿ ಕಾರಣವೆನ್ನುವುದು ಸುಲಭ. ಆದರೆ ಅವನು ಕಾಫಿ ಕುಡಿದದ್ದು ನಿದ್ದೆ ಇಲ್ಲದ್ದಕ್ಕೆ. ನಿದ್ದೆಗೇಡು ತನ್ನಷ್ಟಕ್ಕೇ ಹೃದಯಕ್ಕೆ ಕೇಡು. ಅಮೆರಿಕದ ಹೃದಯ ಸಂಘ 2022ರಲ್ಲಿ ಹೃದಯಾರೋಗ್ಯದ ತನ್ನ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತು. ಜೊತೆಗೆ ದಿನಕ್ಕೆ ಹನ್ನೆರಡು ಗಂಟೆ ಕೂತ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ಎಣ್ಣೆ ಪದಾರ್ಥ, ಬೀಡಿ, ಕಂತಿನ ಚಿಂತೆ. ಇವೆಲ್ಲವನ್ನೂ ಬಿಟ್ಟು ಲೋಟವನ್ನು ಹಿಡಿಯುವುದೆಂದರೆ, ಬೇರೆಲ್ಲ ಕಾರಣಗಳಿಗಿಂತ ಕಣ್ಣಿಗೆ ಬೀಳುವ ಕಾರಣವೇ ದೊಡ್ಡದು ಎಂದು ನಂಬಿದ ಹಾಗೆ. ಭಾರತವೂ ಸೇರಿ 52 ದೇಶಗಳಲ್ಲಿ ಹೃದಯಾಘಾತವಾದವರನ್ನೂ ಆಗದವರನ್ನೂ ಹೋಲಿಸಿ 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಮೊದಲ ಹೃದಯಾಘಾತಗಳ ಸುಮಾರು ಶೇ 90ರಷ್ಟನ್ನು ಒಂಬತ್ತು ಅಂಶಗಳು ವಿವರಿಸುತ್ತವೆ ಎಂದಿತು: ಧೂಮಪಾನ, ರಕ್ತದ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ಕಡಿಮೆ ತಿನ್ನುವುದು, ಮದ್ಯ, ದೈಹಿಕ ಶ್ರಮದ ಕೊರತೆ. ಕಾಫಿ ಆ ಒಂಬತ್ತರಲ್ಲಿಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ, ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದೂ ಅದೇ ಅಧ್ಯಯನದ ಮಾಹಿತಿ ತೋರಿಸಿತು. ಹಾಸನದಲ್ಲಿ ಎಳೆಯರು ಸಾಯುವುದಕ್ಕೆ ವಿವರಣೆ ಹುಡುಕಬೇಕಾದದ್ದು ಈ ದಿಕ್ಕಿನಲ್ಲಿ.

ಇಷ್ಟು ಹೇಳಿದ ಮೇಲೆ ಓದುಗರು ಇನ್ನೊಂದು ತುದಿಗೆ ಜಾರುವ ಅಪಾಯವಿದೆ. ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬರುವ ತಲೆಬರಹ ಅದೇ: ದಿನಕ್ಕೆ ಮೂರು ಕಪ್ ಕಾಫಿ ಹೃದಯಕ್ಕೆ ರಕ್ಷೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ನಂಬಲು ಮನಸ್ಸಾಗುವುದೂ ಸಹಜ. ಹೇಮಾವತಿ ನದಿ ಸಕಲೇಶಪುರದ ತೋಟಗಳ ನಡುವೆ ಹರಿದು ಗೊರೂರಿನ ಅಣೆಕಟ್ಟಿಗೆ ಬಂದು ಹೊಳೆನರಸೀಪುರದ ಕಡೆ ಹೋಗುತ್ತದೆ. ಮೇಲಿನವರು ಬೆಳೆಯುತ್ತಾರೆ, ಕೆಳಗಿನವರು ಕುಡಿಯುತ್ತಾರೆ. (ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಕುಡಿಯುವವರು ಇಟಲಿ ಮೊದಲಾದ ಕಡೆಯವರು ಎಂಬುದು ಬೇರೆ ಮಾತು.) ಆದರೆ ಕಾಫಿಯನ್ನು ದೂರಿನಿಂದ ಬಿಡಿಸಿದ ತರ್ಕವೇ ಹೊಗಳಿಕೆಯನ್ನೂ ತಡೆಯುತ್ತದೆ. ಕಾಫಿ ಕುಡಿಯುವವರಲ್ಲಿ ಸಾವು ಕಡಿಮೆ ಕಂಡರೆ ಅದು ಕಾಫಿಯ ಗುಣವೋ, ಕಾಫಿ ಕುಡಿಯುವಷ್ಟು ಆರೋಗ್ಯವಂತರ ಗುಣವೋ? ಹೃದ್ರೋಗ ಬಂದವರು ವೈದ್ಯರ ಮಾತಿಗೆ ಕಾಫಿ ಬಿಡುತ್ತಾರೆ. ಆಗ ‘ಕುಡಿಯದವರ’ ಗುಂಪಿನಲ್ಲಿ ರೋಗಿಗಳೇ ಹೆಚ್ಚುತ್ತಾರೆ, ಕುಡಿಯುವವರು ತಾವಾಗಿಯೇ ಗಟ್ಟಿಗರಂತೆ ಕಾಣುತ್ತಾರೆ. ಕೆಫೀನ್ ತೆಗೆದ ಕಾಫಿ ಕುಡಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ ‘ಲಾಭ’ ಕಂಡಿದೆ. ಅಂದರೆ ಲಾಭವಿದ್ದರೂ ಅದಕ್ಕೆ ಕೆಫೀನ್ ಹೊಣೆಯಲ್ಲ. ಹುಟ್ಟಿನಿಂದಲೇ ಹೆಚ್ಚು ಕಾಫಿ ಕುಡಿಯುವ ಒಲವು ಕೊಡುವ ವಂಶವಾಹಿಗಳನ್ನು ಹಿಡಿದು ನಡೆಸಿದ ಅಧ್ಯಯನಗಳಲ್ಲಿ ಬಹುಪಾಲು ಹೃದಯಕ್ಕೆ ಕೇಡನ್ನೂ ತೋರಿಸಲಿಲ್ಲ, ಒಳಿತನ್ನೂ ತೋರಿಸಲಿಲ್ಲ. ನನ್ನ ತೀರ್ಮಾನ ಇಷ್ಟು: ಮಿತವಾಗಿ ಕುಡಿಯುವ ಆರೋಗ್ಯವಂತನ ಹೃದಯಕ್ಕೆ ಕಾಫಿ ಹೆಚ್ಚುಕಡಿಮೆ ತಟಸ್ಥ. ಕುಡಿಯುವವರು ಹೆದರಬೇಕಿಲ್ಲ, ಕುಡಿಯದವರು ಹೃದಯದ ಸಲುವಾಗಿ ಶುರುಮಾಡಬೇಕಿಲ್ಲ.

ಆದರೆ ‘ಕಾಫಿ’ ಎಂದರೆ ಯಾವುದು? ಇಲ್ಲಿಯೇ ಗೊಂದಲದ ಬೇರು ಇರುವುದು. ಪರದೇಶದ ಅಧ್ಯಯನದ ‘ಒಂದು ಕಪ್’ ಎಂದರೆ ಹಲವು ಕಡೆ ಹಾಲು, ಸಕ್ಕರೆ ಇಲ್ಲದ ಅಥವಾ ಕಡಿಮೆ ಇರುವ, ಕಾಗದದಲ್ಲಿ ಸೋಸಿದ ಕಾಫಿ. ಅರಕಲಗೂಡಿನ ಒಂದು ಮನೆಯ ಲೋಟದಲ್ಲಿ ಇರುವುದು ಬೇರೆಯೇ. ಅದನ್ನು ಬಿಡಿಸಿ ನೋಡಬೇಕು.

1. ಪುಡಿ. ನಮ್ಮ ಪುಡಿಯಲ್ಲಿ ಚಿಕೋರಿ ಇದೆ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಇನ್ನೊಂದು ಕಡೆ, ರೋಬಸ್ಟಾದಲ್ಲಿ ಅರೇಬಿಕಾದ ಎರಡರಷ್ಟು ಕೆಫೀನ್. ಒಂದು ಲೋಟಕ್ಕೆ ಆರು ಗ್ರಾಂ ಪುಡಿ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ 30 ಚಿಕೋರಿಯಾದರೆ ಉಳಿಯುವ ಕಾಫಿ ನಾಲ್ಕು ಗ್ರಾಂ ಚಿಲ್ಲರೆ; ಅದು ಅರೇಬಿಕಾ ಆದರೆ ಸುಮಾರು 50 ಮಿಲಿಗ್ರಾಂ ಕೆಫೀನ್, ರೋಬಸ್ಟಾ ಆದರೆ 90. ಅರ್ಧದ ಹತ್ತಿರ ಚಿಕೋರಿಯಿರುವ ಅರೇಬಿಕಾ ಆದರೆ 40 ಕೂಡ ಮುಟ್ಟದು. ಒಂದೇ ಬಣ್ಣ, ಒಂದೇ ಲೋಟ, ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿ ಎಂದಿದೆ. ಯಾರ ಮನೆಯಲ್ಲಿ ಎಷ್ಟು ಲೋಟಕ್ಕೆ ಆ ಮಿತಿ ಮುಟ್ಟುತ್ತದೆಂಬುದನ್ನು ಪುಡಿ ಅಂಗಡಿಯವನು ಹೇಳಬಲ್ಲನೇ ಹೊರತು ಅಮೆರಿಕದ ಅಧ್ಯಯನ ಹೇಳಲಾರದು.

2. ಸಕ್ಕರೆ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ: ಮೂವತ್ತೈದು ಗ್ರಾಂ ಆಸುಪಾಸು. ವರ್ಷಕ್ಕೆ ಹನ್ನೆರಡು ಕಿಲೋ ದಾಟುತ್ತದೆ, ಹೋಳಿಗೆ ಪಾಯಸ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ, ಎಲ್ಲ ಮೂಲಗಳನ್ನೂ ಸೇರಿಸಿ. ಇಂಟರ್‌ಹಾರ್ಟ್‌ನ ಒಂಬತ್ತರಲ್ಲಿ ಕಾಫಿ ಇಲ್ಲವೆಂದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇವೆ. ಕಾಫಿ ಲೋಟದಿಂದ ನಮ್ಮ ಎದೆಗೆ ಕೇಡು ಬರುತ್ತಿದ್ದರೆ ಅದು ಬರುವ ಬಾಗಿಲು ಇದು. ‘ಕಾಫಿ ಬಿಟ್ಟೆ’ ಎಂದು ಹೇಳಿ ಅಷ್ಟೇ ಸಕ್ಕರೆಯ ಟೀಗೋ ಹಾರ್ಲಿಕ್ಸಿಗೋ ಬದಲಾದವರು ಲೆಕ್ಕದಲ್ಲಿ ಏನನ್ನೂ ಬಿಟ್ಟಿಲ್ಲ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬ ಸಮಾಧಾನವೂ ಇಲ್ಲಿ ನಿಲ್ಲದು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

3. ಸೋಸುವ ಬಗೆ. ನಾರ್ವೆಯ ಟ್ರೊಮ್ಸೊ ಊರಿನ ಅಧ್ಯಯನ 1983ರಲ್ಲಿ ಕಾಫಿ ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಹೆಚ್ಚು ಕಂಡಾಗ ಎಲ್ಲರಿಗೂ ಆಶ್ಚರ್ಯ, ಏಕೆಂದರೆ ಬೇರೆ ಕಡೆ ಹಾಗೆ ಕಂಡಿರಲಿಲ್ಲ. ಆಮೇಲೆ ಗೊತ್ತಾಯಿತು: ಅಲ್ಲಿನವರು ಪುಡಿಯನ್ನು ನೀರಿನಲ್ಲಿ ಕುದಿಸಿ ಸೋಸದೆ ಕುಡಿಯುತ್ತಿದ್ದರು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದ ಆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಟ್ಟೆಯೂ ಬಹುಮಟ್ಟಿಗೆ ತಡೆಯುತ್ತದೆ. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನ ತೂತುಗಳು ಎಣ್ಣೆಯನ್ನು ತಡೆಯುವಂಥವಲ್ಲ. ಹಾಗಾಗಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದ ಅಜ್ಜಿಯ ಕಾಫಿ ಈ ಒಂದು ವಿಷಯದಲ್ಲಿ ಫಿಲ್ಟರ್ ಕಾಫಿಗಿಂತ ಮೇಲಿತ್ತೆನ್ನಬೇಕು, ರುಚಿಯ ಮಾತು ಬೇರೆ. ಕೊಲೆಸ್ಟ್ರಾಲ್ ಆಗಲೇ ಹೆಚ್ಚಿರುವವರು, ದಿನಕ್ಕೆ ನಾಲ್ಕೈದು ಗಟ್ಟಿ ಕಾಫಿ ಕುಡಿಯುವವರು ಡಿಕಾಕ್ಷನ್ನನ್ನು ಇನ್ನೊಮ್ಮೆ ಬಟ್ಟೆಯಲ್ಲಿ ಸೋಸಿದರೆ ನಷ್ಟವೇನಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಅನುಭವದ್ದು: ‘ನೀವು ಏನಾದರೂ ಹೇಳಿ, ನಾನು ಕಾಫಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ.’ ಇದನ್ನು ಭ್ರಮೆಯೆಂದು ಅಲ್ಲಗಳೆಯುವ ಹಾಗಿಲ್ಲ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನೂರು ಜನರಿಗೆ ಎದೆಬಡಿತ ದಾಖಲಿಸುವ ಸಾಧನ ಕಟ್ಟಿ, ಎರಡು ವಾರ, ಚೀಟಿ ಎತ್ತಿದ ಹಾಗೆ ಕೆಲವು ದಿನ ಕಾಫಿ ಕುಡಿಯಿರಿ, ಕೆಲವು ದಿನ ಬೇಡ ಎಂದರು. ಹೃದಯದ ಮೇಲಿನ ಕೋಣೆಗಳಿಂದ ಏಳುವ ಹೆಚ್ಚುವರಿ ಬಡಿತಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಳಗಿನ ಕೋಣೆಗಳಿಂದ ಏಳುವಂಥವು ದಿನಕ್ಕೆ ನೂರರ ಆಸುಪಾಸಿನಿಂದ ನೂರೈವತ್ತಕ್ಕೆ ಏರಿದವು. ಬಹುಪಾಲು ಆರೋಗ್ಯವಂತರಲ್ಲಿ ಇವು ನಿರುಪದ್ರವಿ. ಆದರೆ ಎದೆ ಹೊಡೆದುಕೊಳ್ಳುತ್ತದೆಂದವರು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು. ಅಂಥವರು ಕಡಿಮೆ ಮಾಡಿ ನೋಡುವುದೇ ಸರಿ. ಎದೆಬಡಿತದ ರೋಗವೇ ಇರುವವರ ವಿಷಯದಲ್ಲಿ ಮಾತ್ರ ಹಳೆಯ ಸಲಹೆ ತಲೆಕೆಳಗಾಗುತ್ತಿರುವಂತಿದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯ ತಪ್ಪಿದ ಬಡಿತಕ್ಕೆ ಚಿಕಿತ್ಸೆ ಪಡೆದ ಇನ್ನೂರು ಜನರಲ್ಲಿ ಅರ್ಧ ಜನಕ್ಕೆ ದಿನಕ್ಕೊಂದು ಕಪ್ಪಾದರೂ ಕಾಫಿ ಕುಡಿಯಿರಿ, ಉಳಿದರ್ಧಕ್ಕೆ ಪೂರ್ತಿ ಬಿಡಿ ಎಂದು ಆರು ತಿಂಗಳು ನೋಡಿದ ಪ್ರಯೋಗ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಕುಡಿದವರಲ್ಲಿ ಶೇ 47, ಬಿಟ್ಟವರಲ್ಲಿ ಶೇ 64 ಜನರಿಗೆ ತೊಂದರೆ ಮರುಕಳಿಸಿತು. ಸಣ್ಣ ಪ್ರಯೋಗ, ಇದೊಂದರ ಮೇಲೆ ಮನೆ ಕಟ್ಟುವಂತಿಲ್ಲ. ‘ಬಡಿತದ ತೊಂದರೆ ಇದ್ದರೆ ಕಾಫಿ ವಿಷ’ ಎಂಬ ಖಚಿತ ಮಾತಿನ ಬುಡವನ್ನಂತೂ ಅಲುಗಾಡಿಸಿದೆ.

ಎರಡನೆಯ ಆಕ್ಷೇಪ: ‘ಇವೆಲ್ಲ ಬಿಳಿಯರ ದೇಹದ ಮೇಲೆ ಮಾಡಿದ ಲೆಕ್ಕ, ನಮಗೆ ಹೇಗೆ ಸಲ್ಲುತ್ತದೆ?’ ಇದು ಒಳ್ಳೆಯ ಆಕ್ಷೇಪ, ಅರ್ಧ ಒಪ್ಪುತ್ತೇನೆ. ಲೋಟವನ್ನು ಬಿಡಿಸಿ ನೋಡಿದ್ದು ಅದಕ್ಕೇ. ಆದರೆ ಈ ಆಕ್ಷೇಪ ಎತ್ತಿದವರು ಅದನ್ನು ಎರಡೂ ಕಡೆಗೆ ಎತ್ತಬೇಕು. ಕಾಫಿ ಕೆಟ್ಟದ್ದೆಂಬ ಹಳೆಯ ಆಸ್ಪತ್ರೆಯ ಮಾತೂ ಅದೇ ಬಿಳಿಯರ ಲೆಕ್ಕದಿಂದ ಬಂದದ್ದು. ‘ನಮ್ಮ ತಾತ ದಿನಕ್ಕೆ ಆರು ಲೋಟ ಕುಡಿದೂ ತೊಂಬತ್ತು ಬದುಕಿದ’ ಎಂಬ ಎದುರುವಾದವೂ ಹಾಗೇ ನಿಲ್ಲದು. ಆರು ಲೋಟ ಕುಡಿದು ಐವತ್ತಕ್ಕೆ ಹೋದ ತಾತನ ಬಗ್ಗೆ ಮೊಮ್ಮಕ್ಕಳು ಕಥೆ ಹೇಳುವುದಿಲ್ಲ. ಆ ತಾತ ಹೊಲ ಗೇಯುತ್ತಿದ್ದ ಎಂಬುದನ್ನೂ ಬಿಡುತ್ತಾರೆ.

ಮೂರನೆಯದು: ‘ವಿಜ್ಞಾನ ಇವತ್ತು ಒಂದು, ನಾಳೆ ಇನ್ನೊಂದು ಹೇಳುತ್ತದೆ.’ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1991ರಲ್ಲಿ ಕಾಫಿಯನ್ನು ಕ್ಯಾನ್ಸರ್ ತರಬಹುದಾದ ಪಟ್ಟಿಗೆ ಸೇರಿಸಿ 2016ರಲ್ಲಿ ತೆಗೆದುಹಾಕಿದ್ದು ನಿಜ. ತೆಗೆದದ್ದು ಹೆಚ್ಚಿನ, ಉತ್ತಮ ಮಾಹಿತಿ ಸಿಕ್ಕಿದ್ದಕ್ಕೆ. ಹಿಂದಿನ ಅಧ್ಯಯನಗಳಲ್ಲಿ ಸಿಗರೇಟಿನ ಪಾಲು ಸರಿಯಾಗಿ ಬೇರ್ಪಟ್ಟಿರಲಿಲ್ಲ. ತಿದ್ದಿಕೊಳ್ಳುವುದನ್ನು ಚಂಚಲತೆ ಎನ್ನಲಾಗದು. ಅದೇ ಸಲ 65 ಡಿಗ್ರಿ ಮೀರಿದ ಬಿಸಿಯ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯಕಾರಿಯಾಗಿರುವ ಸಂಭವವಿದೆಯೆಂದೂ ಆ ಘಟಕ ಹೇಳಿತು. ಒಲೆಯಿಂದಿಳಿಸಿದ್ದನ್ನು ಸುರ್‍ರೆಂದು ಎಳೆದರೇ ಕಾಫಿ ಎನ್ನುವವರು ಇದನ್ನು ಕಿವಿಯ ಮೇಲೆ ಹಾಕಿಕೊಳ್ಳಬಹುದು.

ಹೃದಯದ ಗದ್ದಲದಲ್ಲಿ ದಿನದಿನದ ಸ್ವಾಸ್ಥ್ಯದ ಮಾತು ಮರೆತುಹೋಗುತ್ತದೆ. ಕಾಫಿಯ ನಿಜವಾದ ಲಾಭ-ನಷ್ಟ ಇರುವುದು ಅಲ್ಲಿ. ಮೊದಲಿಗೆ ನಿದ್ದೆ. ಮಿದುಳಿನಲ್ಲಿ ದಣಿವಿನ ಸಂದೇಶ ಒಯ್ಯುವ ಅಡಿನೋಸಿನ್ ಎಂಬ ವಸ್ತುವಿನ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ಮುಟ್ಟುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು, ಗರ್ಭಿಣಿಯರಿಗೆ ಅದಕ್ಕಿಂತ ಬಹಳ ಹೆಚ್ಚು. ಸಂಜೆ ಆರರ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮೇಲೆ ಹೇಳಿದ ನೂರು ಜನರ ಪ್ರಯೋಗದಲ್ಲೇ ಕಾಫಿ ಕುಡಿದ ದಿನ ಜನ ಸುಮಾರು ಸಾವಿರ ಹೆಜ್ಜೆ ಹೆಚ್ಚು ನಡೆದರು, ಆ ರಾತ್ರಿ ಸುಮಾರು 36 ನಿಮಿಷ ಕಡಿಮೆ ಮಲಗಿದರು. ಲಾಭವೂ ನಷ್ಟವೂ ಒಂದೇ ಲೋಟದಲ್ಲಿ. ‘ನನಗೆ ರಾತ್ರಿ ಕುಡಿದರೂ ನಿದ್ದೆ ಬರುತ್ತದೆ’ ಎಂದು ಹೆಮ್ಮೆಪಡುವವರಿಗೆ ನಿದ್ದೆ ಬರುವುದು ನಿಜವಿರಬಹುದು. ಆ ನಿದ್ದೆ ಎಷ್ಟು ಆಳವಾದದ್ದೆಂದು ಮಲಗಿದವರಿಗೆ ತಿಳಿಯುವುದಿಲ್ಲ. ಎರಡನೆಯದು ತಲೆನೋವು. ‘ಕಾಫಿ ಕುಡಿದರೇ ನನ್ನ ತಲೆನೋವು ಹೋಗುವುದು’ ಎನ್ನುವವರಲ್ಲಿ ಹಲವರ ತಲೆನೋವು ಕಾಫಿ ತಪ್ಪಿದ್ದರಿಂದಲೇ ಬಂದದ್ದು. ಬಿಟ್ಟ ಅರ್ಧ ದಿನ, ಒಂದು ದಿನದಲ್ಲಿ ಶುರುವಾಗಿ ಒಂಬತ್ತು ದಿನದವರೆಗೂ ಎಳೆಯಬಹುದು. ದಿಢೀರ್ ಬಿಟ್ಟು ‘ನನ್ನ ದೇಹಕ್ಕೆ ಕಾಫಿ ಬೇಕೇ ಬೇಕು’ ಎಂದು ತೀರ್ಮಾನಿಸಿದವರು ಔಷಧಿಯನ್ನೂ ಕಾಯಿಲೆಯನ್ನೂ ಅದಲುಬದಲು ಮಾಡಿಕೊಂಡಿದ್ದಾರೆ. ಗಾಂಧೀಜಿಯ ಆಕ್ಷೇಪಕ್ಕೆ ನಿಜವಾದ ಬಲ ಸಿಗುವುದು ಇಲ್ಲಿ.

ಮೂರನೆಯದು ರಕ್ತಹೀನತೆ, ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದ ಹತ್ತಿರ ಜನರಿಗೆ ರಕ್ತ ಕಡಿಮೆ. ನಮಗೆ ಕಬ್ಬಿಣಾಂಶ ಸಿಗುವುದು ರಾಗಿ, ಹುರುಳಿ, ಸೊಪ್ಪುಗಳಿಂದ. ಈ ಬಗೆಯ ಕಬ್ಬಿಣ ಮೊದಲೇ ಕಷ್ಟದಿಂದ ಹೀರಲ್ಪಡುವಂಥದ್ದು. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣ ಹೀರುವುದನ್ನು ಶೇ 39ರಷ್ಟು ತಗ್ಗಿಸಿತು, ಟೀ ಶೇ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆ ಇಲ್ಲ, ಒಂದು ಗಂಟೆ ಆದಮೇಲೆ ಕುಡಿದರೂ ಜೊತೆಗೆ ಕುಡಿದಷ್ಟೇ ತೊಂದರೆ. ಪೋಷಣಾ ಸಂಸ್ಥೆಯ ಮಾರ್ಗಸೂಚಿ ಊಟದ ಹಿಂದೆ ಮುಂದೆ ಒಂದೊಂದು ಗಂಟೆಯಾದರೂ ಬಿಡಿ ಎನ್ನುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಕಾಫಿ ಈ ಲೆಕ್ಕದಲ್ಲಿ ನಿರಪರಾಧಿ. ತಿಂಡಿಯ ಜೊತೆ, ತಿಂಡಿ ಆದ ತಕ್ಷಣ ಕುಡಿಯುವುದು ಅಲ್ಲ. ಮನೆಯ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ, ಕೊನೆಗೆ ತಿಂಡಿ ಕಾಫಿ ಎರಡನ್ನೂ ಒಟ್ಟಿಗೆ ಮುಗಿಸುತ್ತಾರೆ. ಕಬ್ಬಿಣದ ಮಾತ್ರೆಯನ್ನೂ ಅದೇ ಲೋಟದಲ್ಲಿ ನುಂಗುವವರಿದ್ದಾರೆ. ಥೈರಾಯ್ಡ್ ಮಾತ್ರೆಯದ್ದೂ ಅದೇ ಕಥೆ, ಕಾಫಿ ಅದರ ಹೀರುವಿಕೆಯನ್ನು ಕೆಡಿಸುತ್ತದೆ. ಗಂಡಸರ ಎದೆಯ ಬಗ್ಗೆ ಆಗುವ ಚರ್ಚೆಯ ಕಾಲುಭಾಗವಾದರೂ ಹೆಂಗಸರ ರಕ್ತದ ಬಗ್ಗೆ ಆಗಿದ್ದರೆ ಈ ವಿಷಯ ಊರಿಗೆಲ್ಲ ಗೊತ್ತಿರುತ್ತಿತ್ತು.

ಕೊನೆಯದಾಗಿ, ‘ನಂಬಿಕೆ ತಪ್ಪೇ ಇರಲಿ, ಕಾಫಿ ಬಿಟ್ಟರೆ ನಷ್ಟವೇನು?’ ಎಂಬ ಪ್ರಶ್ನೆ. ಬಿಟ್ಟರೆ ನಷ್ಟವಿಲ್ಲ. ನಷ್ಟ ಇರುವುದು ಕಾಫಿಯನ್ನು ಎದೆನೋವಿನ ಕಾರಣವೆಂದು ನಂಬುವುದರಲ್ಲಿ. ಎದೆ ಹಿಂಡಿದಂತಾದಾಗ, ಎಡಗೈಗೋ ದವಡೆಗೋ ನೋವು ಹರಿದಾಗ, ತಣ್ಣನೆಯ ಬೆವರು ಬಂದಾಗ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ‘ಗ್ಯಾಸು’. ಅದರ ಹಿಂದೆಯೇ ‘ಬರಿಹೊಟ್ಟೆಯಲ್ಲಿ ಕಾಫಿ ಕುಡಿದೆ, ಅದಕ್ಕೇ’. ಕಾಫಿ ಎದೆಗೆ ಆಗುವುದಿಲ್ಲವೆಂಬ ನಂಬಿಕೆ ಇಲ್ಲಿ ಎಚ್ಚರಿಸುವ ಬದಲು ಸಮಾಧಾನ ಹೇಳುತ್ತದೆ: ಕಾರಣ ಗೊತ್ತಾಯಿತು, ಇನ್ನು ಹೆದರಬೇಕಿಲ್ಲ. ಓಮಿನ ನೀರು, ಸೋಡಾ, ಅಂಗಡಿಯ ಗ್ಯಾಸಿನ ಮಾತ್ರೆ, ಸ್ವಲ್ಪ ಹೊತ್ತು ಮಲಗುವುದು. ಎರಡು ಗಂಟೆ ಕಳೆಯುತ್ತದೆ. ರಕ್ತನಾಳ ಕಟ್ಟಿಕೊಂಡ ಹೃದಯದ ಮಾಂಸ ಸಾಯುವುದು ಆ ಗಂಟೆಗಳಲ್ಲೇ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಹೊತ್ತು ಮೀರಿದಷ್ಟೂ ಆ ಮದ್ದಿನ ಫಲ ಕುಗ್ಗುತ್ತದೆ. ಗೊರೂರಿನಿಂದ ಹಾಸನದ ಆಸ್ಪತ್ರೆಗೆ ಗಾಡಿಯಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಹೊರಡುವುದು ತಡವಾಗುವುದು ಮನೆಯಲ್ಲಿ, ‘ಕಾಫಿ ಹೆಚ್ಚಾಯಿತು, ಇನ್ನೇನೂ ಅಲ್ಲ’ ಎಂದು ಯಾರೋ ಹೇಳಿದ್ದರಿಂದ.